ಲಾಸಾರೊ ಅಳೆದ ತಿದ್ದುಪಡಿಗಳು

ಕಳೆದ ಮಂಗಳವಾರ ನಮ್ಮ ಪತ್ರಿಕೆಯ ನಗರ ಪುಟದಲ್ಲಿ ಮಂಗಳೂರಿನ ಉರ್ವದ ದೀಪಾವಳಿ ಗೂಡುದೀಪ ಸ್ಪರ್ಧೆಯ ವರದಿ ಪ್ರಕಟವಾಯಿತು. ಸಾಂಪ್ರದಾಯಿಕ ವಿಭಾಗದ ಮೂರನೇ ಬಹುಮಾನ ‘ಪೋರ್ಚುಗಲ್ ಮೂಲದ ಲಾಸಾರೊ’ ಅವರಿಗೆ ಬಂದಿದೆ ಎಂದು ಅದರಲ್ಲಿತ್ತು. ಲಾಸಾರೊ ಕ್ಯೂಬಾದವರು. ಭಾರತದಲ್ಲಿ ವಾಸವಿರಲು ಅವರಿಗೆ ಕೊಟ್ಟಿರುವ ಪರವಾನಗಿಯ ನವೀಕರಣ ಅದೇ ವಾರ ಆಗಬೇಕಿತ್ತು.

ವರದಿಗಾರ್ತಿಯನ್ನು ಕರೆದು ಕೇಳಿದೆ.

“ಮನೆಯಲ್ಲಿ ಕೊಂಕಣಿ ಮಾತಾಡ್ತಾರೆ ಸರ್. ಆದಿತ್ಯವಾರ ಚರ್ಚಿಗೆ ಹೋಗ್ತಾರೆ. ನೋಡ್ಲಿಕ್ಕೆ ಫಾರಿನರ್. ಮತ್ತೆ ಪೋರ್ಚುಗಲ್ ಅಲ್ಲದೆ ಎಂತ?”

“ಅವರನ್ನು ಕೇಳಿದಿರಾ?”

“ಕೇಳುವ ಅಂತ ಹೋದೆ. ಅವರ ಬಾಯಿ ತುಂಬ ಚಕ್ಕುಲಿ ಇತ್ತು.”

ಗೋವೆಯನ್ನು ಬಿಟ್ಟರೆ ಈ ತರ್ಕ ಒಪ್ಪಿಗೆಯಾಗುವ ಇನ್ನೊಂದು ಊರು ಮಂಗಳೂರೇ ಇರಬೇಕು. ನಾನು ಬೈಯಲಿಲ್ಲ. ಬೈಯುವ ಅರ್ಹತೆ ನನಗೇಕಿಲ್ಲ ಎಂಬುದು ಮುಂದೆ ನಿಮಗೇ ತಿಳಿಯುತ್ತದೆ. ಡ್ರಾಯರ್ ಎಳೆದು, ಹಳೆಯ ರೀಫಿಲ್‌ಗಳ ಅಡಿಯಿಂದ ಒಂದು ಸ್ಟೀಲಿನ ಅಡಿಪಟ್ಟಿ ತೆಗೆದೆ. ಹಡಗಿನ ಎಂಜಿನ್ ರೂಮಿನಲ್ಲಿ ಬಳಸುವಂಥದ್ದು. ಅಂಚು ಸವೆದಿದೆ, ಗೀಟುಗಳು ಮಾತ್ರ ಈಗಲೂ ಸ್ಪಷ್ಟ. ಹತ್ತಿರ ಹಿಡಿದರೆ ಇವತ್ತಿಗೂ ಸ್ವಲ್ಪ ಗ್ರೀಸಿನ ವಾಸನೆ ಬರುತ್ತದೆ, ಅಥವಾ ಬರುತ್ತದೆಂದು ನಾನು ಅಂದುಕೊಂಡಿದ್ದೇನೆ. ಗೂಡುದೀಪದ ವರದಿಯ ಮೇಲೆ ಇಟ್ಟು ಅಳೆದೆ. ಹದಿನಾಲ್ಕು ಸೆಂಟಿಮೀಟರ್.

ಈ ಅಡಿಪಟ್ಟಿ ಲಾಸಾರೊ ಅವರದು. ಅದು ನನ್ನ ಡ್ರಾಯರಿಗೆ ಬಂದು ಹತ್ತು ವರ್ಷವಾಯಿತು.

ಲಾಸಾರೊ ಸರಕು ಹಡಗಿನ ಎಂಜಿನಿಯರ್ ಆಗಿದ್ದವರು. ಪ್ರಾಯದಲ್ಲಿ ಯಾವುದೋ ಪರದೇಶದ ಬಂದರಿನಲ್ಲಿ ಹಡಗಿನಿಂದ ಇಳಿದವರು ತಿರುಗಿ ಹತ್ತಲಿಲ್ಲ. ಹಾಗೆ ಹಡಗು ಬಿಟ್ಟವರನ್ನು ಅವರ ದೇಶ ಆಗ ಮರಳಿ ಸೇರಿಸಿಕೊಳ್ಳುತ್ತಿರಲಿಲ್ಲ. ಆಮೇಲೆ ಯಾರ್ಯಾರದೋ ಹಡಗುಗಳಲ್ಲಿ ದುಡಿದರು. ಕಾಲು ಮುರಿದುಕೊಂಡು ಗಲ್ಫಿನ ಒಂದು ಆಸ್ಪತ್ರೆಯಲ್ಲಿ ಮಲಗಿದ್ದಾಗ ಬ್ಯಾಂಡೇಜು ಸುತ್ತಿದ ನರ್ಸ್ ಉರ್ವದ ಸೆವ್ರಿನ್. “ಕಾಲು ಸರಿಯಾಯಿತು, ಮನುಷ್ಯ ಹೋಗಲಿಲ್ಲ” ಎಂದು ಸೆವ್ರಿನ್ ಬಾಯಿ ಆ ಕತೆಯನ್ನು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ನೌಕರಿ ಮುಗಿಸಿ ಅವರು ಊರಿಗೆ ಬಂದಾಗ ಲಾಸಾರೊ ಜೊತೆಗೆ ಬಂದರು. ಊರು ಅವರನ್ನು ಲಾಜ್ರು ಎಂದು ಕರೆಯಿತು.

ಕನ್ನಡ ಓದಲು ಅವರು ಕಲಿತದ್ದು ಸಿಟಿ ಬಸ್ಸಿನ ಬೋರ್ಡುಗಳಿಂದ. ಉರ್ವ, ಮಣ್ಣಗುಡ್ಡ, ನಂತೂರು. ಅಷ್ಟು ಅಕ್ಷರ ಕೈಗೆ ಬಂದ ಮೇಲೆ ಮುಂದಿನದು ನಮ್ಮ ಪತ್ರಿಕೆ. ಬಸ್ಸಿನ ಬೋರ್ಡಿನಲ್ಲಿ ನಂತೂರು ಎಂದಿದ್ದರೆ ಬಸ್ಸು ನಂತೂರಿಗೇ ಹೋಗುತ್ತದೆ. ಪತ್ರಿಕೆಯೂ ಹಾಗೆಯೇ ಇರಬೇಕು ಎಂದು ಅವರು ತಿಳಿದದ್ದರಲ್ಲಿ ತಪ್ಪೇನಿಲ್ಲ.

ಮೊದಲ ಸಲ ಅವರು ಕಚೇರಿಗೆ ಬಂದದ್ದು ಒಂದು ಫೋಟೊದ ಅಡಿಬರಹ ಹಿಡಿದುಕೊಂಡು. ಬಂದರಿನಲ್ಲಿ ನಿಂತ ಹಡಗನ್ನು ನಾವು ತೈಲದ ಟ್ಯಾಂಕರ್ ಎಂದು ಬರೆದಿದ್ದೆವು. ಅದು ಕಲ್ಲಿದ್ದಲು ಸಾಗಿಸುವ ಹಡಗು.

“ನೀವು ಎಡಿಟರಾ?”

“ಅಲ್ಲ, ಉಪಸಂಪಾದಕ.”

“ತಪ್ಪು ಮಾಡುವಷ್ಟು ಅಧಿಕಾರ ಉಂಟಲ್ಲ?”

“ಅದು ಉಂಟು.”

“ಸಾಕು. ಕೂತ್ಕೊಳ್ತೇನೆ.”

ಅಂದಿನಿಂದ ಅವರಿಗೆ ನಾನು ‘ಎಡಿಟರ್’. ಅದು ತಪ್ಪು ಮಾಹಿತಿ ಎಂದು ಹಲವು ಸಲ ಹೇಳಿದೆ. ಬೇರೆಯವರ ತಪ್ಪಿಗೆ ಅಷ್ಟು ಕಠಿಣರಾಗಿದ್ದ ಮನುಷ್ಯ ಈ ಒಂದನ್ನು ಮಾತ್ರ ತಿದ್ದಿಕೊಳ್ಳಲಿಲ್ಲ.

ಪತ್ರಿಕಾ ಕಚೇರಿಗೆ ಹೀಗೆ ಬರುವವರು ಹಲವರಿರುತ್ತಾರೆ. ಅವರನ್ನು ಕಂಡರೆ ನಾವು ಫೋನ್ ಎತ್ತಿಕೊಂಡು ಇಲ್ಲದವರೊಡನೆ ಮಾತಾಡುತ್ತೇವೆ. ಲಾಸಾರೊ ವಿಷಯದಲ್ಲಿ ಅದು ನನ್ನಿಂದ ಆಗಲಿಲ್ಲ. ಅವರು ಹೇಳಿದ್ದು ಪ್ರತಿಸಲವೂ ಸರಿಯಾಗಿತ್ತು. ಅದಲ್ಲದೆ ನಾನೂ ಅದೇ ಜಾತಿಯವನು. ಮದುವೆ ಆಮಂತ್ರಣದ ಪ್ರೂಫ್ ನೋಡಿ ಮುಗಿಸದೆ ನಾನು ಊಟಕ್ಕೆ ಏಳುವುದಿಲ್ಲ ಎಂದು ನನ್ನ ಹೆಂಡತಿ ನೆಂಟರಲ್ಲಿ ದೂರುತ್ತಾಳೆ. ಆರು ತಿಂಗಳಲ್ಲಿ ನಾನು ಭಾನುವಾರ ಬೆಳಗ್ಗೆ ಉರ್ವದ ಅವರ ಮನೆಯಲ್ಲಿ ಕೂತು ಕಾಫಿ ಕುಡಿಯುವವನಾದೆ. ಆ ಕಾಫಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಲಾಸಾರೊ ಮೊದಲ ನಾಲ್ಕು ಹನಿ ಡಿಕಾಕ್ಷನ್ನನ್ನು ಸಕ್ಕರೆಗೆ ಹಾಕಿ, ಅದು ಬೆಣ್ಣೆಯ ಬಣ್ಣಕ್ಕೆ ಬರುವವರೆಗೆ ಚಮಚದಲ್ಲಿ ಬಡಿಯುತ್ತಾರೆ. ಆಮೇಲೆ ಉಳಿದ ಕಾಫಿ. ಬಡಿಯುವ ಸದ್ದಿಗೆ ಪಕ್ಕದ ಮನೆಯ ಬೆಕ್ಕು ಬಂದು ಕೂರುತ್ತಿತ್ತು. ಅದಕ್ಕೆ ಏನೂ ಸಿಗುತ್ತಿರಲಿಲ್ಲ. ಮುಂದಿನ ವಾರವೂ ಬರುತ್ತಿತ್ತು.

ಕಾಫಿಯ ಜೊತೆಗೆ ಟಿ.ವಿ. ದೇಶದ ಭದ್ರತೆ ನೋಡಿಕೊಳ್ಳುವ ದೊಡ್ಡವರು ಯಾರಾದರೂ ಮೈಕಿನ ಮುಂದೆ ಬಂದರೆ ಲಾಸಾರೊ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಳ್ಳುತ್ತಿದ್ದರು. ಯಾವ ದೇಶದವರಾದರೂ ಸರಿ, ಯಾವ ಪಕ್ಷದವರಾದರೂ ಸರಿ. ಅವರು ಕಾಯುತ್ತಿದ್ದದ್ದು ಒಂದೇ ಮಾತಿಗೆ: ‘ಗೊತ್ತಿಲ್ಲ’ ಅಥವಾ ‘ನಾವು ತಪ್ಪು ತಿಳಿದಿದ್ದೆವು.’ ಅದು ಬರುತ್ತಿರಲಿಲ್ಲ.

“ಈ ಮನುಷ್ಯನಿಗೆ ಎಲ್ಲ ಗೊತ್ತುಂಟು ಎಡಿಟರ್. ಡೇಂಜರ್.”

“ಅವರ ಪ್ರೆಸ್‌ಮೀಟ್ ಮುಗಿದಿದ್ದರೆ ಬೂತಾಯಿ ಮೀನು ಶುದ್ಧ ಮಾಡಿ,” ಎಂದು ಒಳಗಿನಿಂದ ಸೆವ್ರಿನ್ ಬಾಯಿ. “ಕ್ಯೂಬಾ ಬಿಟ್ಟು ಬಂದದ್ದು ಇದನ್ನೇ ನೋಡ್ಲಿಕ್ಕಾ?”

ಒಂದು ಭಾನುವಾರ ಕೇಳಿಯೇ ಬಿಟ್ಟೆ: ಪತ್ರಿಕೆಯ ತಪ್ಪು ದೊಡ್ಡದೋ, ಟಿ.ವಿ.ಯಲ್ಲಿ ಬರುವ ಇವರದ್ದು ದೊಡ್ಡದೋ? ಅವರು ಎಂಜಿನ್ ರೂಮಿನ ಲೆಕ್ಕದಲ್ಲಿ ಉತ್ತರ ಕೊಟ್ಟರು.

“ಪೇಪರ್ ಅಂದರೆ ಗೇಜು, ಪ್ರೆಶರ್ ತೋರಿಸುವ ಮೀಟರ್. ಗೇಜು ಒಮ್ಮೊಮ್ಮೆ ತಪ್ಪು ತೋರಿಸ್ತದೆ. ಬೆರಳಲ್ಲಿ ಹೀಗೆ ತಟ್ಟಬೇಕು. ನಾನು ಬಂದು ನಿಮಗೆ ತಟ್ಟುದು ಅದೇ. ಆದರೆ ಗೇಜು ಹಾಳಾಗಿದೆ ಅಂತ ಹೇಳಿದ ಮೇಲೂ ಕ್ಯಾಪ್ಟನ್ ‘ನನ್ನ ಹಡಗಿನಲ್ಲಿ ಗೇಜು ಹಾಳಾಗುದಿಲ್ಲ’ ಅಂದರೆ, ಆಗ ಮಾರಾಯ್ರೆ, ಲೈಫ್ ಜಾಕೆಟ್ ಎಲ್ಲುಂಟು ಅಂತ ನೋಡಬೇಕು.”

ಅವರು ಒಂದು ಕಡೆಗೆ ವಾಲಿ ಮಾತಾಡುವವರಲ್ಲ ಎಂಬುದನ್ನೂ ಇಲ್ಲಿ ದಾಖಲಿಸಬೇಕು. ತಮ್ಮ ದೇಶದ ಸರಕಾರಿ ಪತ್ರಿಕೆಯ ಬಗ್ಗೆ ಅವರಿಗೆ ಒಳ್ಳೆಯ ಮಾತಿಲ್ಲ. ಆದರೆ ಆ ಸರಕಾರವನ್ನು ವಿರೋಧಿಸಿ ಕಡಲಾಚೆಗೆ ಓಡಿಹೋದ ತಮ್ಮವರೇ ನಡೆಸುತ್ತಿದ್ದ ರೇಡಿಯೊದ ಬಗ್ಗೆಯೂ ಇಲ್ಲ. “ನನ್ನ ಊರಿನಲ್ಲಿ ದಂಗೆ ಅಂತ ಆ ರೇಡಿಯೊ ಒಮ್ಮೆ ಹೇಳಿತು. ಅವತ್ತು ಅಲ್ಲಿ ಇದ್ದದ್ದು ನನ್ನ ಚಿಕ್ಕಮ್ಮನ ಮಗಳ ಮದುವೆ. ಗಲಾಟೆ ಇತ್ತು, ಹೌದು. ಹಂದಿಮಾಂಸ ಕಡಿಮೆ ಬಿತ್ತು.”

ಇನ್ನು ನಮ್ಮ ತಪ್ಪಿಗೆ ಬರುತ್ತೇನೆ. ಇಷ್ಟು ಸುತ್ತಿ ಬಂದದ್ದು ಅದನ್ನು ಹೇಳಲು ಈಗಲೂ ಸ್ವಲ್ಪ ಹಿಂಜರಿಕೆ ಇರುವುದರಿಂದ.

ಲಾಸಾರೊ ಸಂಜೆಗಳಲ್ಲಿ ಸುಲ್ತಾನ್ ಬತ್ತೇರಿಯವರೆಗೆ ನಡೆದು, ದೋಣಿಯಲ್ಲಿ ಹೊಳೆ ದಾಟಿ, ತಣ್ಣೀರುಬಾವಿಯ ಮರಳಿನಲ್ಲಿ ಕೂರುತ್ತಿದ್ದರು. ಕೈಯಲ್ಲಿ ಉದ್ದ ಆಂಟೆನಾದ ಒಂದು ಹಳೆಯ ರೇಡಿಯೊ. ಉರ್ವದಲ್ಲಿ ಕರೆಂಟಿನ ತಂತಿಗಳ ಗೊರಗೊರ. ಕಡಲ ಬದಿಯಲ್ಲಿ ಗಾಳಿ ಸ್ವಚ್ಛ. ಯಾವುದಾದರೂ ಸ್ಪ್ಯಾನಿಷ್ ಸ್ಟೇಷನ್ ಸಿಕ್ಕಿದರೆ ಹತ್ತು ನಿಮಿಷ ಕೇಳಿ ಎದ್ದು ಬರುತ್ತಿದ್ದರು. ಇದು ನನಗೆ ಗೊತ್ತಿತ್ತು. ಆ ರೇಡಿಯೊವನ್ನು ಅವರ ಮನೆಯ ಫ್ರಿಜ್ಜಿನ ಮೇಲೆ ನೋಡಿದ್ದೆ.

ಒಂದು ದಿನ ನಮ್ಮ ವರದಿಗಾರ ಸುದ್ದಿ ತಂದ. ತಣ್ಣೀರುಬಾವಿ ತೀರದಲ್ಲಿ ವಿದೇಶಿಯೊಬ್ಬ ಉಪಗ್ರಹ ಫೋನ್ ಬಳಸುತ್ತಿದ್ದಾನೆ, ಭದ್ರತಾ ಮೂಲಗಳು ಹೇಳಿವೆ. ಹೆಸರಿರಲಿಲ್ಲ. ನಾನು ‘ಕಡಲ ತೀರದಲ್ಲಿ ಶಂಕಿತ ವಿದೇಶಿ’ ಎಂದು ಮೂರು ಕಾಲಂ ತಲೆಬರಹ ಕೊಟ್ಟೆ. ಭದ್ರತಾ ಮೂಲ ಎಂಬ ಎರಡು ಪದ ಓದಿದ ಮೇಲೆ ನನಗೆ ಫ್ರಿಜ್ಜಿನ ಮೇಲಿನ ರೇಡಿಯೊ ನೆನಪಾಗಲಿಲ್ಲ. ಭಾನುವಾರ ಕುಡಿದ ಕಾಫಿಯೂ ನೆನಪಾಗಲಿಲ್ಲ. ಆ ಸುದ್ದಿಯಲ್ಲಿ ತೀರ ಇದ್ದದ್ದು ನಿಜ, ವಿದೇಶಿ ಇದ್ದದ್ದು ನಿಜ, ಫೋನ್ ಸುಳ್ಳು. ಶಂಕಿತ ಎಂಬುದು ನಾವು ಅಚ್ಚು ಮಾಡಿದ ಮೇಲೆ ನಿಜವಾಯಿತು.

ಮರುದಿನ ಬೆಳಗ್ಗೆ ಲಾಸಾರೊ ಬಂದರು. ಕೂರಲಿಲ್ಲ. ರೇಡಿಯೊವನ್ನು ನನ್ನ ಮೇಜಿನ ಮೇಲಿಟ್ಟು, “ಫೋನ್ ಮಾಡಿ ನೋಡಿ,” ಎಂದರು.

ನಾನು ಅವತ್ತೇ ತಿದ್ದುಪಡಿ ಬರೆದೆ. ‘ಇಂದು ವಿದ್ಯುತ್ ಇಲ್ಲ’ ಎಂಬ ಪ್ರಕಟಣೆಯ ಅಡಿಯಲ್ಲಿ ಅದಕ್ಕೆ ಜಾಗ ಸಿಕ್ಕಿತು. ನಮ್ಮಲ್ಲಿ ತಿದ್ದುಪಡಿ ಇರುವುದೇ ಅಂಥ ಕಡೆ. ಹೊರ ಜಿಲ್ಲೆಗಳ ಆವೃತ್ತಿಯಲ್ಲೂ ಅದು ಬರಬೇಕಿತ್ತು. ಆ ಪುಟ ಅಚ್ಚಿಗೆ ಹೋಗುವ ಹೊತ್ತಿಗೆ ಒಂದು ಶ್ರದ್ಧಾಂಜಲಿ ಜಾಹೀರಾತು ಬಂತು, ಜಾಗ ಸಾಲಲಿಲ್ಲ, ನಾನು ತಿದ್ದುಪಡಿ ತೆಗೆದೆ. ಮಂಗಳೂರಿನ ವಿಷಯ, ಘಟ್ಟದ ಮೇಲೆ ಯಾರು ಓದುತ್ತಾರೆ ಎಂದುಕೊಂಡೆ. ಸುದ್ದಿ ಮಾತ್ರ ಎಲ್ಲ ಆವೃತ್ತಿಗಳಲ್ಲಿ ಬಂದಿತ್ತು.

ಎರಡು ತಿಂಗಳ ಬಳಿಕ ಲಾಸಾರೊಗೆ ಒಂದು ಪತ್ರ ಬಂತು. ಪರವಾನಗಿ ಮುಂದುವರಿಸಲು ಆಗುವುದಿಲ್ಲ, ದೇಶ ಬಿಡಬೇಕು. ಪರವಾನಗಿ ಕೊಡುವ ಮೇಲಿನ ಕಚೇರಿ ಬೇರೆ ಊರಿನಲ್ಲಿತ್ತು. ಕಡತದಲ್ಲಿ ನಮ್ಮ ಸುದ್ದಿಯ ಕಟಿಂಗ್ ಇತ್ತು. ತಿದ್ದುಪಡಿ ಬಂದಿದೆ ಎಂದು ಸೆವ್ರಿನ್ ಬಾಯಿ ಬರೆದರೆ, ಅಲ್ಲಿಯವರು ತಮ್ಮ ಊರಿನ ಪತ್ರಿಕೆ ತಿರುವಿ ನೋಡಿ, ಇಲ್ಲವೆಂದರು. ನಗರ ಆವೃತ್ತಿಯ ಮೂರು ಸೆಂಟಿಮೀಟರಿನ ಚೂರನ್ನು ಕಳಿಸಿದರೆ, ಇದು ನಿಜವಾಗಿ ಪ್ರಕಟವಾದದ್ದೇ ಎಂದು ಕೇಳಿದರು.

“ಎಲ್ಲಿಗೆ ಹೋಗುದು?” ಎಂದು ಲಾಸಾರೊ ನನ್ನನ್ನು ಕೇಳಿದರು. ಸಿಟ್ಟಿನಲ್ಲಲ್ಲ. ವಿಳಾಸ ಕೇಳುವವರ ಹಾಗೆ. “ನನ್ನ ಹಡಗು ಹೋಗಿ ಆಯಿತಲ್ಲ.”

ಹೊರ ಆವೃತ್ತಿಯಿಂದ ತಿದ್ದುಪಡಿ ತೆಗೆದದ್ದು ನಾನೇ ಎಂದು ಆ ಭಾನುವಾರ ಅವರಿಗೆ ಹೇಳಿದೆ. ಸೆವ್ರಿನ್ ಬಾಯಿ ಎದ್ದು ಒಳಗೆ ಹೋದರು. ಲಾಸಾರೊ ಸಕ್ಕರೆ ಬಡಿಯುವುದನ್ನು ನಿಲ್ಲಿಸಲಿಲ್ಲ. ಬಡಿಯುತ್ತಲೇ ತಮ್ಮ ತಂದೆಯ ವಿಷಯ ಹೇಳಿದರು. ಅದುವರೆಗೆ ಅವರು ಅದನ್ನು ಹೇಳಿರಲಿಲ್ಲ.

ಲಾಸಾರೊ ಹುಡುಗನಾಗಿದ್ದಾಗ ತಂದೆ ಬಂದರಿನಲ್ಲಿ, ಹಡಗುಗಳನ್ನು ಎಳೆದು ತರುವ ಟಗ್ ದೋಣಿ ನಡೆಸುತ್ತಿದ್ದರು. ವೈರಿಯ ಹಡಗಿಗೆ ದೀಪದಿಂದ ಸಂಜ್ಞೆ ಮಾಡಿದರೆಂದು ಊರಿನ ಪತ್ರಿಕೆ ಬರೆಯಿತು. ಅದು ಏಡಿ ಹಿಡಿಯುವವನ ಲಾಟೀನು. ಎರಡೇ ದಿನಗಳಲ್ಲಿ ಅದು ಎಲ್ಲರಿಗೂ ಗೊತ್ತಾಯಿತು, ಆ ಪ್ರಾಂತ್ಯದ ಭದ್ರತಾ ಮುಖ್ಯಸ್ಥನಿಗೂ. ಆದರೆ ತಮ್ಮ ಇಲಾಖೆ ತಪ್ಪು ಮಾಡುವುದಿಲ್ಲ ಎಂದು ಅವನು ಹೇಳಿಯಾಗಿತ್ತು. ತಂದೆಯನ್ನು ಜೈಲಿಗೆ ಹಾಕಲಿಲ್ಲ. ದೋಣಿ ಕಿತ್ತುಕೊಂಡರು. ಜನ ನಮಸ್ಕಾರ ಬಿಟ್ಟರು.

“ಅಪ್ಪ ದಿನಾ ಬೆಳಗ್ಗೆ ಪೇಪರನ್ನು ಕೊನೆಯ ಪುಟದಿಂದ ಓದ್ತಿದ್ದರು. ತಿದ್ದುಪಡಿ ಇದ್ದರೆ ಅಲ್ಲಿ ಇರ್ತದೆ ಅಂತ. ಸಾಯುವವರೆಗೆ ಓದಿದರು.” ಅವರು ಲೋಟ ನನ್ನ ಮುಂದಿಟ್ಟರು. “ನೀವು ನಿಮ್ಮದು ಹೇಳಿದ್ರಿ. ಒಳ್ಳೆದು. ಈಗ ಕಾಫಿ ಕುಡಿದು ಕೆಲಸ ಮಾಡಿ.”

ಕೆಲಸವೇನೆಂದು ಅವರೇ ತೋರಿಸಿದರು. ಎರಡೂ ಕಟಿಂಗ್‌ಗಳನ್ನು ಮೇಜಿನ ಮೇಲೆ ಹರಡಿ, ಸ್ಟೀಲಿನ ಅಡಿಪಟ್ಟಿಯಿಂದ ಅಳೆದರು. ತಪ್ಪು ಇಪ್ಪತ್ತೆರಡು ಸೆಂಟಿಮೀಟರ್, ತಿದ್ದುಪಡಿ ಮೂರು. ನಾವು ಜಾಹೀರಾತನ್ನು ದಿನವೂ ಸೆಂಟಿಮೀಟರಿನಲ್ಲೇ ಅಳೆಯುತ್ತೇವೆ. ಅದೇ ಪಟ್ಟಿಯಲ್ಲಿ ತಪ್ಪನ್ನೂ ಅಳೆಯಬಹುದೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಸೋಮವಾರ ಸಂಪಾದಕರ ಕೋಣೆಗೆ ಹೋದೆ. ಇಪ್ಪತ್ತೆರಡು ಸೆಂಟಿಮೀಟರ್, ಅದೇ ಪುಟ, ಎಲ್ಲ ಆವೃತ್ತಿ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

“ತಿದ್ದುಪಡಿಗೆ ತಿದ್ದುಪಡಿ ಹಾಕಿದ ಪೇಪರ್ ಎಲ್ಲಿಯಾದರೂ ಉಂಟಾ ಮಾರಾಯ?”

“ನನಗೆ ಗೊತ್ತಿರುವಂತೆ ಇಲ್ಲ ಸರ್.”

“ಹಾಗಾದ್ರೆ ಹಾಕುವ. ಇದರಲ್ಲಾದ್ರೂ ನಾವು ಫಸ್ಟ್ ಬರುವ.”

ಒಪ್ಪಿಗೆ ಸಿಕ್ಕಿದ ಮೇಲೆ ಕಷ್ಟ ಶುರುವಾಯಿತು. ‘ಫೋನ್ ಅಲ್ಲ, ರೇಡಿಯೊ, ವಿಷಾದಿಸುತ್ತೇವೆ’ ಎಂದರೆ ಮೂರು ಸೆಂಟಿಮೀಟರಿಗೆ ಮುಗಿಯಿತು. ಉಳಿದ ಹತ್ತೊಂಬತ್ತನ್ನು ಏನು ಬರೆದು ತುಂಬಿಸುವುದು? ಎಷ್ಟೋ ವರ್ಷಗಳ ನಂತರ ಮೇಜು ಬಿಟ್ಟು, ನೋಟ್‌ಬುಕ್ ಹಿಡಿದು ಹೊರಗೆ ಹೊರಟೆ. ಹೊಳೆ ದಾಟಿಸುವ ದೋಣಿಯವರನ್ನು ಕೇಳಿದೆ. ಅವರ ಮನೆಯವರು ತಲೆತಲಾಂತರದಿಂದ ಕಡಲಿಗೆ ಹೋದವರು. ತೀರದಲ್ಲಿ ಯಾರು ಎಷ್ಟು ಹೊತ್ತು ಕೂರುತ್ತಾರೆಂದು ಅವರಿಗೆ ತಿಳಿಯದಿರುವುದಿಲ್ಲ. “ಲಾಜ್ರು ಅಂಕಲಾ? ಅವರ ರೇಡಿಯೊ ನನ್ನ ದೋಣಿಯಲ್ಲೇ ಎರಡು ಸಲ ನೀರಿಗೆ ಬಿದ್ದದ್ದು. ಪೊಲೀಸಿನವರೊಬ್ಬರು ಕೇಳಿದಾಗ, ಎಂತದೋ ದೊಡ್ಡ ಮೆಷಿನ್ ಅಂತ ತಮಾಷೆಗೆ ಹೇಳಿದ್ದೆ,” ಎಂದವರು, ನನ್ನ ನೋಟ್‌ಬುಕ್ ನೋಡಿ ನಗು ನಿಲ್ಲಿಸಿದರು. ನಮ್ಮ ಭದ್ರತಾ ಮೂಲದ ಮೂಲ ಇದಾಗಿತ್ತು.

ಉರ್ವ ಮಾರ್ಕೆಟಿನ ಹತ್ತಿರ ಅಂಗಡಿ ಇಟ್ಟಿರುವ ಹಮೀದ್, ಎಲ್ಲರ ಬಾಯಲ್ಲಿ ಹಮೀದಾಕ, ಇನ್ನೂ ಖಚಿತವಾಗಿದ್ದರು.

“ಸ್ಯಾಟಲೈಟ್ ಫೋನಿಗೆ ಟಾರ್ಚಿನ ದೊಡ್ಡ ಸೆಲ್ ಹಾಕುದಾ? ತಿಂಗಳಿಗೆ ನಾಲ್ಕು ಸೆಲ್ ಕೊಡುವುದು ನಾನು. ನನ್ನ ತಮ್ಮ ದುಬೈಯಲ್ಲಿ ಫೋನಿನ ಅಂಗಡಿ ಇಟ್ಟವ. ಒಂದು ಮಾತು ನನ್ನತ್ರ ಕೇಳ್ಬಾರದಿತ್ತಾ ನಿಮಗೆ? ನಿಮ್ಮ ಪೇಪರೂ ಇಲ್ಲೇ ನೇತಾಡ್ತಾ ಉಂಟಲ್ಲ.”

ಕೇಳಬೇಕಿತ್ತು. ಕಚೇರಿಯಿಂದ ಅವರ ಅಂಗಡಿಗೆ ಬಸ್ಸಿನಲ್ಲಿ ಹತ್ತು ನಿಮಿಷ. ಮೊದಲೇ ಮಾಡಬೇಕಾಗಿದ್ದ ವರದಿಗಾರಿಕೆಯನ್ನು ನಾನು ಮಾಡಿದ್ದು ತಿದ್ದುಪಡಿಯ ಉದ್ದ ಸಾಲದೆ ಬಂದುದರಿಂದ.

ಇಪ್ಪತ್ತೆರಡು ಸೆಂಟಿಮೀಟರ್ ಪ್ರಕಟವಾದ ಮಾರನೆಯ ದಿನ ನಾವು ಮೂವರೂ, ವಿದೇಶಿಯರ ಕಡತ ನೋಡಿಕೊಳ್ಳುವ ಇಲ್ಲಿನ ಕಚೇರಿಗೆ ಹೋದೆವು. ಲಾಸಾರೊ ಇಸ್ತ್ರಿ ಹಾಕಿದ ಬಿಳಿ ಅಂಗಿ ಹಾಕಿಕೊಂಡಿದ್ದರು. ಸೆವ್ರಿನ್ ಬಾಯಿಯ ಕೈಯಲ್ಲಿ ಜಪಸರವಿತ್ತು. ಅಧಿಕಾರಿ ಐವತ್ತರ ಹತ್ತಿರದ ಮಹಿಳೆ. ಕಟಿಂಗನ್ನು ಪೂರ್ತಿ ಓದಿದರು. ಹಮೀದಾಕನ ಸೆಲ್ಲಿನ ಮಾತು ಬಂದಲ್ಲಿ ಅವರ ಮುಖ ಸ್ವಲ್ಪ ಸಡಿಲವಾಯಿತು. ಆಮೇಲೆ ಕಡತ ತೆರೆದು ತಮ್ಮದೇ ಹಳೆಯ ವರದಿ ಓದಿದರು. ಅದಕ್ಕೆ ಆಧಾರ ನಮ್ಮ ಸುದ್ದಿ. ನಮ್ಮ ಸುದ್ದಿಗೆ ಆಧಾರ ಅವರ ಇಲಾಖೆಯ ಒಂದು ಬಾಯಿಮಾತು. ಅವರು ನಮ್ಮನ್ನು ನಂಬಿದ್ದರು, ನಾವು ಅವರನ್ನು ನಂಬಿದ್ದೆವು. ಮಧ್ಯದಲ್ಲಿ ಲಾಸಾರೊ ಇದ್ದರು.

“ನಿಮ್ಮದು ನೀವು ಸರಿ ಮಾಡಿದ್ರಿ,” ಎಂದು ಅವರು ನನಗೆ ಹೇಳಿದರು. “ನನ್ನದು ಉಂಟಲ್ಲ.”

ಪೆನ್ನು ತೆಗೆದು ಕಡತದ ಹಾಳೆಯ ಮೇಲೆ ಬರೆದು, ನಮಗೂ ಓದಿ ಹೇಳಿದರು: ‘ಈ ಕಚೇರಿಯ ಹಿಂದಿನ ವರದಿ ಪತ್ರಿಕಾ ಸುದ್ದಿಯನ್ನು ಮಾತ್ರ ಆಧರಿಸಿತ್ತು. ನಾನು ವಿಚಾರಿಸದೆ ಸಹಿ ಹಾಕಿದ್ದೆ. ಅದು ನನ್ನ ತಪ್ಪು.’

ಲಾಸಾರೊ ಎದ್ದು ನಿಂತರು.

ಅಧಿಕಾರಿ ಗಾಬರಿಯಾದರು. “ಎಂತಾಯ್ತು? ಕೂತ್ಕೊಳ್ಳಿ.”

“ಎಂತ ಇಲ್ಲ ಮೇಡಂ. ಐವತ್ತು ವರ್ಷ ಕಾದಿದ್ದೇನೆ. ಒಂದು ನಿಮಿಷ ನಿಲ್ಲುತ್ತೇನೆ.”

ಹಿಂದಿರುಗುವಾಗ ಬಸ್ಸಿನಲ್ಲಿ ಅವರು ಟಿಕೆಟಿನ ಹಿಂಬದಿಗೆ ಆ ಮೂರು ವಾಕ್ಯಗಳನ್ನು ಬರೆದುಕೊಂಡರು. ಟಿಕೆಟ್ ಸಣ್ಣದು, ಕೊನೆಯ ವಾಕ್ಯಕ್ಕೆ ಸೆವ್ರಿನ್ ಬಾಯಿಯ ಟಿಕೆಟ್ ಬೇಕಾಯಿತು. ಅಷ್ಟರಲ್ಲಿ ಚೆಕಿಂಗಿನವರು ಹತ್ತಿದರು, ಸೆವ್ರಿನ್ ಬಾಯಿ ಗಂಡನಿಗೆ ಕೊಂಕಣಿಯಲ್ಲಿ ಏನೋ ಹೇಳಿದರು. ಅದನ್ನು ಇಲ್ಲಿ ಬರೆಯುವಂತಿಲ್ಲ. ಮಣ್ಣಗುಡ್ಡದಲ್ಲಿ ಬಸ್ಸು ನಿಂತಾಗ ಲಾಸಾರೊ ಚೀಲದಿಂದ ಅಡಿಪಟ್ಟಿ ತೆಗೆದು ನನ್ನ ಕೈಗೆ ಕೊಟ್ಟರು.

“ನಿಮ್ಮಲ್ಲಿ ಇರಲಿ ಎಡಿಟರ್. ನನಗೆ ಈಗ ಕಣ್ಣಳತೆಯಲ್ಲೇ ಗೊತ್ತಾಗ್ತದೆ.”

ಒಂದು ತಿಂಗಳ ನಂತರ ಪರವಾನಗಿ ಬಂತು. ಆ ಅಧಿಕಾರಿ ವರ್ಗವಾಗಿ ಹೋದರು. ಐದು ವರ್ಷಗಳ ಬಳಿಕದ ನವೀಕರಣದಲ್ಲಿ ಯಾರೂ ಏನೂ ಕೇಳಲಿಲ್ಲ. ನಾನು ಸುದ್ದಿ ಸಂಪಾದಕನಾದೆ. ಲಾಸಾರೊ ಅವರ ದಾಖಲೆಯಲ್ಲಿ ಮೊದಲಿನಿಂದಲೂ ಎಡಿಟರ್ ಆಗಿದ್ದುದರಿಂದ ಅವರಿಗೆ ಇದು ಸುದ್ದಿಯಾಗಲಿಲ್ಲ.

ಇದೆಲ್ಲ ಕಳೆದ ಮಂಗಳವಾರ, ಹದಿನಾಲ್ಕು ಸೆಂಟಿಮೀಟರಿನ ಮೇಲೆ ಅಡಿಪಟ್ಟಿ ಇಟ್ಟುಕೊಂಡು ಕೂತಾಗ ನೆನಪಾಯಿತು. ಅರ್ಜಿಯಲ್ಲಿ ಕ್ಯೂಬಾ, ಪತ್ರಿಕೆಯಲ್ಲಿ ಪೋರ್ಚುಗಲ್. ಕಡತ ತಿರುವುವವರು ಇದನ್ನು ಗೂಡುದೀಪದ ಸುದ್ದಿಯೆಂದೇ ಓದಬೇಕಾಗಿಲ್ಲ, ಅರ್ಜಿಯಲ್ಲಿನ ಸುಳ್ಳೆಂದೂ ಓದಬಹುದು. ಲಾಸಾರೊ ಬರುವವರೆಗೆ ಕಾಯದೆ ನಾನೇ ಫೋನ್ ಮಾಡಿದೆ.

“ನೋಡಿದೆ,” ಎಂದರು ಲಾಸಾರೊ. “ಹದಿನಾಲ್ಕು?”

“ಹದಿನಾಲ್ಕು. ತುಂಬಿಸಬೇಕು. ಎಂತ ಉಂಟು ಹೇಳಿ.”

“ಪೋರ್ಚುಗಲ್ ಸಣ್ಣ ತಪ್ಪು. ದೊಡ್ಡದು ಬೇರೆ ಉಂಟು. ಗೂಡುದೀಪ ಮಾಡಿದ್ದು ನಾನಲ್ಲ, ಸೆವ್ರಿನ್. ನಾನು ಗೋಂದಿನ ಡಬ್ಬ ಹಿಡಿದುಕೊಂಡದ್ದು.”

“ಮತ್ತೆ ಬಹುಮಾನ ತಕ್ಕೊಳ್ಳುವಾಗ ಹೇಳ್ಬಾರದಿತ್ತಾ?”



“ಬಾಯಲ್ಲಿ ಚಕ್ಕುಲಿ ಇತ್ತು. ನನ್ನ ತಪ್ಪು. ಅದನ್ನೂ ಹಾಕಿ.”

ವರದಿಗಾರ್ತಿಯನ್ನು ಉರ್ವ ಮಾರ್ಕೆಟಿಗೆ, ದೋಣಿಯ ಕಡೆಗೆ, ಸೆವ್ರಿನ್ ಬಾಯಿಯ ಅಡುಗೆಮನೆಗೆ ಕಳಿಸಿದೆ. ಬಿದಿರಿನ ಕಡ್ಡಿ ಯಾವುದು, ಬಣ್ಣದ ಕಾಗದ ಯಾರ ಅಂಗಡಿಯದು, ಎಷ್ಟು ದಿನದ ಕೆಲಸ ಎಂದೆಲ್ಲ ಕೇಳಿಕೊಂಡು ಸಂಜೆಯ ಹೊತ್ತಿಗೆ ಹದಿನಾರು ಸೆಂಟಿಮೀಟರಿನಷ್ಟು ತಂದಳು. ಎರಡನ್ನು ನಾನು ಕಡಿದೆ.

ತಿದ್ದುಪಡಿ ಬುಧವಾರ ಅದೇ ಪುಟದಲ್ಲಿ, ಎಲ್ಲ ಆವೃತ್ತಿಗಳಲ್ಲಿ ಪ್ರಕಟವಾಯಿತು. ಲಾಸಾರೊ ಕ್ಯೂಬಾದಲ್ಲಿ ಹುಟ್ಟಿದವರು, ಉರ್ವದ ನಿವಾಸಿ, ಗೂಡುದೀಪ ಮಾಡಿದವರು ಅವರ ಪತ್ನಿ ಸೆವ್ರಿನ್ ಎಂದು ಅದರಲ್ಲಿದೆ. ಗುರುವಾರ ಗಂಡ ಹೆಂಡತಿ ಇಬ್ಬರೂ ವಿದೇಶಿಯರ ಕಡತದ ಕಚೇರಿಗೆ ಹೋಗಿ ತಪ್ಪು, ತಿದ್ದುಪಡಿ ಎರಡರ ಕಟಿಂಗ್ ಕೊಟ್ಟರು. ಈಗಿನ ಅಧಿಕಾರಿ ಹೊಸಬರು. ಕಡತದಲ್ಲಿ ಹಿಂದಿನವರು ಬರೆದಿಟ್ಟ ಮೂರು ವಾಕ್ಯಗಳನ್ನು ಎರಡು ಸಲ ಓದಿದರೆಂದು ಸೆವ್ರಿನ್ ಬಾಯಿ ಹೇಳಿದರು. ಶುಕ್ರವಾರ ಮಧ್ಯಾಹ್ನ ಪರವಾನಗಿ ನವೀಕರಣವಾಯಿತು. ಕಡತದಲ್ಲಿ ಈಗ ನಮ್ಮ ಪತ್ರಿಕೆಯ ಐದು ಕಟಿಂಗ್‌ಗಳಿವೆ: ತಪ್ಪು ಎರಡು, ತಿದ್ದುಪಡಿ ಮೂರು.